ಕಪ್ಪುರಂಧ್ರದ ಲೆಕ್ಕಕ್ಕೆ ಕುಳಿತ ಅತ್ತೆ–ಸೊಸೆ

ಆ ಯಂತ್ರ ಖಾನಾಪುರದ ನಮ್ಮ ಮನೆಗೆ ಬಂದದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ಒಂದು ಶನಿವಾರದ ಸಂಜೆ. ನನ್ನ ಗಂಡ ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಅಲ್ಲಿ ಪಂಪಿನ ಬಿಡಿಭಾಗಗಳು ತಯಾರಾಗುತ್ತಿದ್ದವು. ಆಫೀಸಿಗೆ ಕರೆಂಟಿನ ಕ್ಯಾಲ್ಕುಲೇಟರ್ ಬಂದ ಮೇಲೆ ಹಳೆಯ ಕೈಯಂತ್ರ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಮಾಲೀಕರನ್ನು ಕೇಳಿದಾಗ "ಒಯ್ಯಿ, ನಮಗ ಬೇಕಾದಾಗ ಹೇಳತೇವಿ" ಅಂದರಂತೆ. ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಸುತ್ತಲಿನವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ತಂದಿದ್ದರು.

ಪಡಸಾಲೆಯಲ್ಲಿ ಚೀಲ ಬಿಚ್ಚಿದಾಗ ಅತ್ತೆ ಅಡುಗೆಮನೆಯಿಂದ ಬಗ್ಗಿ ನೋಡಿದರು. ಬಲಗಡೆ ತಿರುವುವ ಹಿಡಿಕೆ, ಕಬ್ಬಿಣದ ಮೈ, ಕೆಳಗೆ ನಾಲ್ಕು ರಬ್ಬರಿನ ಕಾಲು.

"ಶ್ಯಾವಿಗಿ ಯಂತ್ರ ತಂದ್ಯಾ? ಛಲೋ ಮಾಡಿದಿ. ಆದ್ರ ಹಿಟ್ಟು ಹಾಕೂದು ಎಲ್ಲೆ?" ಅಂದರು ಮಗನಿಗೆ.

"ಶ್ಯಾವಿಗಿ ಅಲ್ಲಬೇ, ಇದು ಲೆಕ್ಕದ ಯಂತ್ರ. ಇಕಿ ಸಲುವಾಗಿ ತಂದೇನಿ."

ಅತ್ತೆ ನನ್ನ ಮುಖ ನೋಡಿ ಒಳಗೆ ಹೋದರು. ನಿರಾಶೆಯಾಗಿತ್ತೆಂದು ನನಗೆ ಗೊತ್ತಾಯಿತು. ಮನೆಯ ಶಾವಿಗೆ ಮಣೆ ಸೀಳಿತ್ತು.

ನಾನು ಮದುವೆಯಾಗಿ ಆ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸು. ಅತ್ತೆ ಆಗ ಐವತ್ತು ದಾಟಿದ್ದ ವಿಧವೆ. ಬೆಳಿಗ್ಗೆ ಲಿಂಗಪೂಜೆ ಮುಗಿಯುವ ತನಕ ಮಾತಿಲ್ಲ, ಮುಗಿದ ಮೇಲೂ ಹೆಚ್ಚು ಮಾತಿಲ್ಲ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. "ಉಂಡ್ಯಾ?" ಅಂತ ಅವರು, "ಹೂಂ ರಿ" ಅಂತ ನಾನು. ಹಬ್ಬಕ್ಕೆ ಬಂದ ಬಳಗದವರು "ಅತ್ತಿ ಹೆಂಗ ನೋಡ್ಕೋತಾಳ?" ಅಂತ ಕೇಳಿದರೆ "ಛಲೋ ನೋಡ್ಕೋತಾರ್ರಿ" ಅನ್ನುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಅದರಾಚೆ ಹೇಳುವಂಥದ್ದು ನನಗೂ ಗೊತ್ತಿರಲಿಲ್ಲ.

ಯಂತ್ರ ಯಾಕೆ ಬೇಕಾಯಿತೆಂದು ಹೇಳಬೇಕು. ನಾನು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದೆ. ನನ್ನ ಗುರುಗಳು ಬೆಳಗಾವಿಯ ಟಿಳಕವಾಡಿಯಲ್ಲಿದ್ದರು. ಎಂ.ಎಸ್ಸಿ.ಗೆ ನನಗೆ ಪಾಠ ಹೇಳಿದ್ದವರು, ಹೆಂಡತಿ ತೀರಿದ ಮೇಲೆ ಒಬ್ಬರೇ ಇದ್ದರು. ಅವರು ಕೊಟ್ಟ ವಿಷಯ ಕಪ್ಪುರಂಧ್ರ. ದೊಡ್ಡ ನಕ್ಷತ್ರವೊಂದು ತನ್ನ ಭಾರಕ್ಕೆ ತಾನೇ ಕುಸಿದು, ಒಳಗಿನ ಬೆಳಕೂ ಹೊರಗೆ ಬರಲಾರದಷ್ಟು ಬಿಗಿಯಾದರೆ ಅದು ಕಪ್ಪುರಂಧ್ರ. ಅದರ ಹತ್ತಿರ ಹಾದುಹೋಗುವ ಒಂದು ಕಣದ ದಾರಿಯನ್ನು ಗುರುತ್ವಾಕರ್ಷಣೆಯ ಸಮೀಕರಣಗಳಿಂದ ಕಂಡುಹಿಡಿಯಬೇಕು. ರಂಧ್ರ ಒಂಟಿಯಾಗಿದ್ದರೆ ಉತ್ತರವನ್ನು ಸೂತ್ರದಲ್ಲಿ ಬರೆಯಬಹುದು. ಆದರೆ ಅದರ ಸುತ್ತ ಭಾರವಾದ ಧೂಳಿನ ಬಳೆಯೊಂದು ಇದ್ದರೆ? ಬಳೆಯ ಎಳೆತವೂ ಸೇರಿಕೊಂಡು ಸಮೀಕರಣ ಎಷ್ಟು ಗಂಟಾಗುತ್ತದೆಂದರೆ ಯಾವ ಸೂತ್ರದಿಂದಲೂ ಬಿಡಿಸಲಾಗುವುದಿಲ್ಲ.

ಆಗ ಉಳಿಯುವುದು ಸಂಖ್ಯೆಗಳ ದಾರಿ. ಈ ಕ್ಷಣ ಕಣ ಎಲ್ಲಿದೆ, ಯಾವ ಕಡೆಗೆ ಎಷ್ಟು ವೇಗದಲ್ಲಿ ಹೊರಟಿದೆ ಎಂಬುದು ಗೊತ್ತಿದ್ದರೆ ಅದರ ಮೇಲಿನ ಎಳೆತವನ್ನು ಲೆಕ್ಕ ಹಾಕಬಹುದು. ಎಳೆತ ಗೊತ್ತಾದರೆ ಒಂದು ಪುಟ್ಟ ಹೆಜ್ಜೆಯ ನಂತರ ಅದು ಎಲ್ಲಿರುತ್ತದೆಂದು ಹೇಳಬಹುದು. ಅಲ್ಲಿ ನಿಂತು ಮತ್ತೆ ಎಳೆತ, ಮತ್ತೆ ಹೆಜ್ಜೆ. ಹೀಗೆ ಕುರುಡರು ಕೋಲು ಊರಿಕೊಂಡು ನಡೆದಂತೆ ಇಡೀ ದಾರಿಯನ್ನು ನಡೆಯುವುದು. ಗುರುಗಳು ಇದೇ ಕೆಲಸಕ್ಕೆ ಪುಣೆಯಲ್ಲಿದ್ದ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಸಮಯ ಕೇಳಿದ್ದರು. ಲೆಕ್ಕದ ಸೂಚನೆಗಳನ್ನು ತೂತು ಹೊಡೆದು ಗುರುತಿಸಿದ ಕಾರ್ಡುಗಳ ಕಟ್ಟನ್ನು ಅಲ್ಲಿಗೆ ಕಳಿಸಬೇಕು, ಸರದಿ ಬಂದಾಗ ಉತ್ತರ ಬರುತ್ತದೆ.

"ಆದ್ರ ನೋಡವಾ, ಮಷೀನು ಹೇಳಿದ್ದು ಖರೇನೋ ಸುಳ್ಳೋ ಹೆಂಗ ಗೊತ್ತಾಗಬೇಕು?" ಅಂದಿದ್ದರು ಗುರುಗಳು. "ಒಂದೆರಡು ದಾರಿ ನೀ ಕೈಲೆ ಮಾಡು. ಎರಡೂ ಕೂಡಿದ್ರ ಉಳಿದದ್ದನ್ನ ಮಷೀನಿಗೆ ಬಿಡೂಣು."

ಕೈಲೆ ಮಾಡುವುದೆಂದರೆ ಉದ್ದುದ್ದ ದಶಾಂಶಗಳ ಗುಣಾಕಾರ, ಭಾಗಾಕಾರ, ಹಾಳೆಗಟ್ಟಲೆ. ನನ್ನ ಹತ್ತಿರವಿದ್ದ ಪುಟ್ಟ ಕ್ಯಾಲ್ಕುಲೇಟರಿಗೆ ಅಷ್ಟು ಅಂಕಿ ಹಿಡಿಸುತ್ತಿರಲಿಲ್ಲ. ಕಾರ್ಖಾನೆಯ ಕಬ್ಬಿಣದ ಯಂತ್ರಕ್ಕೆ ಹಿಡಿಸುತ್ತಿತ್ತು. ಅಂಕಿ ಕೂಡಿಸಿ ಹಿಡಿಕೆಯನ್ನು ಮುಂದಕ್ಕೆ ತಿರುವಿದರೆ ಕೂಡುತ್ತದೆ, ಹಿಂದಕ್ಕೆ ತಿರುವಿದರೆ ಕಳೆಯುತ್ತದೆ, ಕಳೆಯುವಾಗ ಮಿತಿ ಮೀರಿದರೆ ಒಳಗಿನಿಂದ ಟಿಣ್ ಎಂದು ಗಂಟೆ.

ಕಿಟಕಿಯ ಬದಿಯ ಮೇಜಿನ ಮೇಲೆ ಅದನ್ನಿಟ್ಟು ಭಾನುವಾರ ಮಧ್ಯಾಹ್ನ, ಉಳಿದ ದಿನ ರೈಲಿನಿಂದಿಳಿದು ಬಂದು ಚಹಾ ಕುಡಿದ ಮೇಲೆ ಕೂಡುತ್ತಿದ್ದೆ. ಎಡಗಡೆ ಹಾಳೆ, ಬಲಗಡೆ ಯಂತ್ರ. ಹಾಳೆಯಲ್ಲಿ ಅಂಕಿ ನೋಡಿ ಯಂತ್ರದ ಕಡೆ ತಿರುಗುವಷ್ಟರಲ್ಲಿ ಸಾಲು ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ. ಟಿಣ್. ಮತ್ತೆ ಮೊದಲಿನಿಂದ. ಅತ್ತೆ ಕಿಟಕಿಯ ಕೆಳಗೆ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಒಂದು ಭಾನುವಾರ ಮೊರ ಬದಿಗಿಟ್ಟು ಎದ್ದು ಬಂದರು. "ನೀ ಎರಡೂ ಕಡೆ ನೋಡಾಕ ಹೋಗತಿ, ಅದಕ್ಕ ತಪ್ಪತೈತಿ. ಆ ಹಾಳಿ ಇತ್ತ ಕೊಡು. ನಾ ಓದತೇನಿ, ನೀ ತಿರುವು."

"ನಿಮಗ್ಯಾಕ ತ್ರಾಸು ಬಿಡ್ರಿ ಅತ್ತಿ."

"ತ್ರಾಸು ಏನೈತಿ? ಆ ಗಂಟಿ ಕೇಳಿ ಕೇಳಿ ನನ್ನ ತಲಿ ಚಿಟ್ಟ ಹಿಡದೈತಿ."

ಕುರ್ಚಿ ಎಳೆದುಕೊಂಡು ಕುಳಿತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಓದತೊಡಗಿದರು. "ಶೂನ್ಯ ಟಿಂಬ ಚಾರ್ ದೋನ್ ಸಾತ್ ಏಕ್..."

ನಾನು ಹಿಡಿಕೆ ಬಿಟ್ಟು ಅವರನ್ನೇ ನೋಡಿದೆ. ಅತ್ತೆಯ ತವರು ಜಾಂಬೋಟಿ. ಅವರು ಸಣ್ಣವರಿದ್ದಾಗ ಅಲ್ಲಿ ಇದ್ದದ್ದು ಮರಾಠಿ ಸಾಲೆ, ಕಲಿತದ್ದು ನಾಲ್ಕನೆಯ ಇಯತ್ತೆಯ ತನಕ. ಮನೆಮಾತು ಕನ್ನಡ, ಬೈಯುವುದು ಕನ್ನಡ, ವಚನ ಹೇಳುವುದು ಕನ್ನಡ. ಆದರೆ ಅಂಕಿ ಎದುರಿಗೆ ಬಂದರೆ ಬಾಯಿಗೆ ಬರುವುದು ಮರಾಠಿ. ಬಿಂದುವಿಗೆ ಅವರು ಟಿಂಬ ಅನ್ನುತ್ತಿದ್ದರು. ನನಗೂ ಮರಾಠಿ ಬರುತ್ತಿತ್ತು, ಬೆಳಗಾವಿಯಲ್ಲಿ ಬೆಳೆದವಳಿಗೆ ಬರದೇ ಇರುತ್ತದೆಯೇ. ಆದರೂ ಕಪ್ಪುರಂಧ್ರದ ಲೆಕ್ಕವನ್ನು ಮರಾಠಿಯಲ್ಲಿ ಕೇಳಿ ನಗು ಬಂತು. ಅವರೂ ನಕ್ಕರು. ಆ ಮನೆಯಲ್ಲಿ ನಾವಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೇ ಮೊದಲು.

ಕೆಲವು ವಾರ ಅವರು ಬರೀ ಓದಿದರು. ಆಮೇಲೆ ಕೇಳಿದರು, "ತಂಗಿ, ಇದು ಯಾರ ಲೆಕ್ಕ?"

ನಾನು ಹಾಳೆಯ ಹಿಂಬದಿಗೆ ಚಿತ್ರ ಬರೆದು ಹೇಳಿದೆ. ನಡುವೆ ಕಪ್ಪುರಂಧ್ರ, ಸುತ್ತ ಬಳೆ, ಅದರಾಚೆಯಿಂದ ಬರುವ ಒಂದು ಕಣ. ಅತ್ತೆ ಬಹಳ ಹೊತ್ತು ನೋಡಿದರು.

"ಸುಳಿ ಅನ್ನು," ಅಂದರು. "ಮಲಪ್ರಭಾ ತುಂಬಿ ಬಂದಾಗ ಕಟ್ಟಿಮ್ಯಾಲೆ ನಿಂತು ನೋಡು. ತೇಲಿಬಂದ ತೆಂಗಿನಕಾಯಿ ಸುಳಿಯಾಗ ಗರಗರ ತಿರಗತೈತಿ. ಒಂದೊಂದು ತಪ್ಪಿಸಿಕೊಂಡು ಹೋಗತಾವು. ಒಂದೊಂದು ಗುಳುಂ."

"ಹಂಗಲ್ರಿ ಅತ್ತಿ. ಸುಳಿ ದೂರದ್ದನ್ನೂ ಎಳಕೋತೈತಿ. ಇದು ಹಂಗ ಎಳಿಯಂಗಿಲ್ಲ. ಸೂರ್ಯನ ಜಾಗಾದಾಗ ಅಷ್ಟ ಭಾರದ ಕಪ್ಪುರಂಧ್ರ ಇಟ್ರೂ ಭೂಮಿ ಈಗಿನಂಗ ಸುತ್ತಕೋತ ಇರತೈತಿ. ಭಾಳ ಹತ್ತರ ಹೋದ್ರ ಮಾತ್ರ ಸುತ್ತಾಕ ಆಗಂಗಿಲ್ಲ."

"ಸೂರ್ಯ ತಗದಮ್ಯಾಲೆ ಬೆಳಕ ಇರಂಗಿಲ್ಲಲ್ಲ, ಸುತ್ತಿದ್ರೇನು ಬಿಟ್ರೇನು?"

ಸುಳಿಯೇ ಸರಿ ಎಂದು ಅವರು, ಅಲ್ಲ ಎಂದು ನಾನು. ಗಂಡ ಊಟಕ್ಕೆ ಕುಳಿತು ನಮ್ಮಿಬ್ಬರ ವಾದ ಕೇಳುತ್ತ "ಸಾರು ಯಾರರೇ ಹಾಕತೀರೇನು?" ಅಂತ ಕೇಳುವಂತಾಯಿತು. ಕೊನೆಗೂ ಅದಕ್ಕೆ ಮನೆಯಲ್ಲಿ ಕರಿ ಸುಳಿ ಎಂಬ ಹೆಸರೇ ಗಟ್ಟಿಯಾಯಿತು. ಕಣಕ್ಕೆ ಅತ್ತೆ ಹೆಸರಿಡಲಿಲ್ಲ, ಆದರೆ "ಆಕಿ" ಅನ್ನತೊಡಗಿದರು. ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ "ಆಕಿ ಎಲ್ಲಿಗೆ ಬಂದಿದ್ಲು ನಿನ್ನೆ? ಬಳೀ ದಾಟಿದ್ಲಲ್ಲ?" ಅಂತ ವಿಚಾರಣೆ.

ಮೊದಲನೆಯ ದಾರಿಯ ಕಣ ಒಳಗೆ ಬಿದ್ದುಹೋಯಿತು. ಬೀಳುವಾಗ ಅಂಕಿಗಳೇ ಹೇಳುತ್ತವೆ. ದೂರ ಕುಗ್ಗುತ್ತ, ವೇಗ ಏರುತ್ತ, ಹೆಜ್ಜೆ ಎಷ್ಟು ಚಿಕ್ಕದು ಮಾಡಿದರೂ ಸಾಲದು ಎನ್ನುವಂತಾಗುತ್ತದೆ. ಅತ್ತೆ ಓದುತ್ತ ಓದುತ್ತ ದನಿ ಇಳಿಸಿದರು.

"ಹೋದ್ಲಾ?"

"ಹೋದ್ಲರಿ."

ಹಾಳೆ ಮಡಚಿ ಮೇಜಿನ ಮೇಲಿಟ್ಟು, ಎದ್ದು ಹೋಗಿ ಹಿತ್ತಲಲ್ಲಿ ಸ್ವಲ್ಪ ಹೊತ್ತು ನಿಂತು ಬಂದರು. "ಮುಂದಿನಾಕಿನ್ನ ಸ್ವಲ್ಪ ದೂರಿಂದ ಬಿಡು" ಅಂದರು. ನಾನೂ ಅದನ್ನೇ ಮಾಡಬೇಕಿತ್ತು. ಎಲ್ಲಿಂದ ಬಿಟ್ಟರೆ ಬೀಳುತ್ತದೆ, ಎಲ್ಲಿಂದ ಬಿಟ್ಟರೆ ಸುತ್ತಿ ಪಾರಾಗುತ್ತದೆ, ಆ ಎರಡರ ನಡುವಿನ ಅಂಚು ಯಾವುದು ಎಂಬುದೇ ನನ್ನ ಸಂಶೋಧನೆಯ ಪ್ರಶ್ನೆಯಾಗಿತ್ತು.

ಎರಡನೆಯ ಕಣ ದೂರದಿಂದಲೇ ಬಾಗಿ ಸುಖವಾಗಿ ಹೊರಟುಹೋಯಿತು. ಅದರಲ್ಲಿ ಅತ್ತೆಗೆ ರುಚಿ ಹತ್ತಲಿಲ್ಲ. "ಹಾದಿಮ್ಯಾಲೆ ಹೋಗಾಕಿ ಹೋದಂಗ ಹೋದ್ಲು" ಅಂದರು. ಮೂರನೆಯದನ್ನು ಅವೆರಡರ ನಡುವಿನಿಂದ, ಅಂಚಿನ ಹತ್ತಿರ ಬಿಟ್ಟೆವು. ಅದು ಬಳೆ ದಾಟಿ, ರಂಧ್ರದ ಸುತ್ತ ಒಂದು ಸುತ್ತು ಬಂದಿತು. ಮತ್ತೊಂದು ಸುತ್ತು. ಬೀಳುತ್ತಲೂ ಇಲ್ಲ, ಹೊರಡುತ್ತಲೂ ಇಲ್ಲ. ಗಣೇಶನ ಹಬ್ಬ ಬಂತು, ನವರಾತ್ರಿ ಬಂತು, ಅತ್ತೆ ಘಟಸ್ಥಾಪನೆಯ ದೀಪಕ್ಕೆ ಎಣ್ಣೆ ಹಾಕಿ ಬಂದು ಹಾಳೆ ಹಿಡಿಯುತ್ತಿದ್ದರು. ನೆರೆಮನೆಯವರು ಕಿಟಕಿಯಿಂದ ಬಗ್ಗಿ "ಅತ್ತಿ ಸೊಸಿ ಏನು ಜಪ ನಡಸೀರಿ?" ಅಂತ ಕೇಳಿದರೆ, "ಒಬ್ಬಾಕಿ ಅಂಚಿನ್ಯಾಗ ನಿಂತಾಳ, ಈಗ ಮಾತಾಡಸಬ್ಯಾಡ್ರಿ" ಅನ್ನುತ್ತಿದ್ದರು. ದೀಪಾವಳಿಯ ಹೊತ್ತಿಗೆ ನಮ್ಮ ಕಣ ನಿಧಾನವಾಗಿ ಹೊರಗೆ ಸರಿಯತೊಡಗಿತು. ಪಾರಾಗುವುದು ಖಾತ್ರಿಯಾಯಿತು. ಅತ್ತೆ ಆ ದಿನ ಹೋಳಿಗೆ ಮಾಡಿದರು. ಹಬ್ಬಕ್ಕೆ ಮಾಡಿದ್ದೋ ಕಣಕ್ಕೆ ಮಾಡಿದ್ದೋ ಕೇಳಲಿಲ್ಲ.

ರಜೆ ಮುಗಿಸಿ ಹಾಳೆಗಳ ಕಟ್ಟು ಹಿಡಿದು ಟಿಳಕವಾಡಿಗೆ ಹೋದೆ. ಗುರುಗಳ ಮೇಜಿನ ಮೇಲೆ ಪುಣೆಯಿಂದ ಬಂದ ಅಗಲವಾದ ಕಾಗದ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ನಾವು ಬಿಟ್ಟ ಜಾಗದಿಂದಲೇ ಶುರುವಾಗಿದ್ದ ಮೂರನೆಯ ದಾರಿಯನ್ನು ತೆಗೆದು ತೋರಿಸಿದರು. ಕಂಪ್ಯೂಟರಿನ ಕಣ ಎರಡು ಸುತ್ತು ಹಾಕಿ ಒಳಗೆ ಬಿದ್ದಿತ್ತು.

"ಇಬ್ಬರೊಳಗ ಒಬ್ಬರದು ತಪ್ಪೈತಿ ನೋಡವಾ. ನಾ ಕಾರ್ಡು ಎಲ್ಲಾ ಮತ್ತೊಮ್ಮಿ ನೋಡೇನಿ. ನೀ ನಿನ್ನ ಹಾಳಿ ನೋಡು" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಸಂಜೆ ಮನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಅತ್ತೆ ಕಂಪ್ಯೂಟರಿನ ಅಂಕಿ ಓದಿದರು, ನಾನು ನಮ್ಮದರ ಮೇಲೆ ಬೆರಳಿಟ್ಟುಕೊಂಡು ಹೋದೆ. ಮೊದಲ ಸುತ್ತು ತುಂಬ ಎರಡೂ ಜೋಡೆತ್ತಿನಂತೆ ಕೂಡಿ ನಡೆದಿದ್ದವು. ಆಮೇಲೆ ಕೊನೆಯ ಅಂಕಿಯಲ್ಲಿ ವ್ಯತ್ಯಾಸ, ಮುಂದೆ ಅದರ ಹಿಂದಿನ ಅಂಕಿಯಲ್ಲಿ. ಅಲ್ಲಿಂದ ಹಿಂದಕ್ಕೆ ಹುಡುಕುತ್ತ ಬಂದಾಗ ಸಿಕ್ಕಿತು. ಮೇಲಿನ ಸಾಲಿನಲ್ಲಿ ಏಳು ಇದ್ದದ್ದು ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಎಂಟಾಗಿತ್ತು. ಸಾತ್ ಮತ್ತು ಆಠ್. ಹಿಡಿಕೆಯ ಗರಗರ ಸದ್ದಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ.

ಅಂದರೆ ಗಣೇಶನ ಹಬ್ಬದಿಂದೀಚೆಗೆ ಮಾಡಿದ್ದೆಲ್ಲ ಹೋಯಿತು.

"ನಾ ತಪ್ಪು ಓದಿದ್ನ್ಯಾ?" ಅಂದರು ಅತ್ತೆ.

"ಇಲ್ರಿ, ನಾ ತಪ್ಪು ಕೇಳಿರಬೇಕು."

"ನಿನ್ನ ಕಿವಿಗೇನಾಗೇತಿ? ನನ್ನ ಕಣ್ಣಿಗೆ ವಯಸ್ಸಾಗೇತಿ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಯಾರ ತಪ್ಪೆಂದು ನನಗೆ ಈಗಲೂ ಗೊತ್ತಿಲ್ಲ. ಮರುದಿನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಮನೆಗೆ ಬೀಗವಿತ್ತು. ಕೀಲಿಕೈ ಪಕ್ಕದ ಮನೆಯಲ್ಲಿ. "ಜಾಂಬೋಟಿಗೆ ಹೋದ್ರು. ಅಲ್ಲೆ ಭತ್ತದ ಸುಗ್ಗಿ ಅಂತ, ಕೈಗೆ ಮಂದಿ ಬೇಕಂತ" ಅಂದರು ನೆರೆಯಾಕೆ. ಅವರ ಅಣ್ಣನ ಮನೆಯಲ್ಲಿ ಸುಗ್ಗಿಗೆ ಮಂದಿ ಎಂದೂ ಕಡಿಮೆಯಾದದ್ದು ನಾನು ಕೇಳಿರಲಿಲ್ಲ.

ಮನೆ ಭಣಭಣ ಅನ್ನತೊಡಗಿತು. ಅಡುಗೆ ನಾನು ಮಾಡಿದೆ, ರುಚಿ ಇರಲಿಲ್ಲ. ಲೆಕ್ಕವನ್ನು ಏಳರ ಜಾಗದಿಂದ ಮತ್ತೆ ಶುರು ಮಾಡಬೇಕಿತ್ತು. ಪಾಪ, ಗಂಡ ಸಹಾಯಕ್ಕೆ ಬಂದರು. ಕಾರ್ಖಾನೆಯಿಂದ ಬಂದು ಕೈ ತೊಳೆದು ಹಾಳೆ ಹಿಡಿದು ಕುಳಿತರು. "ನಾಕು ಟಿಂಬ ಎರಡು ಏಳು ಒಂದು" ಅಂತ ಓದಿ ನಿಲ್ಲಿಸಿದರು.

"ಮುಂದ?"

"ಮುಂದಿಂದು ಬೇಕೇನು? ಟಿಂಬದ ಮುಂದ ಮೂರು ಅಂಕಿ ಆದಮ್ಯಾಲೆ ನಮ್ಮ ಕಾರ್ಖಾನ್ಯಾಗ ಯಾರೂ ನೋಡಂಗಿಲ್ಲ. ಅಷ್ಟಕ್ಕ ಪಂಪು ನೀರ ಎತ್ತತೈತಿ."

"ಇದು ಪಂಪಲ್ರಿ!"

ಮತ್ತೊಂದು ಪುಟ ಓದುವಷ್ಟರಲ್ಲಿ ಅವರ ಗದ್ದ ಎದೆಗೆ ತಾಗಿ ಗೊರಕೆ ಬಂತು. ಎಬ್ಬಿಸಿದಾಗ ಅವರೇ ಹೇಳಿದರು, "ಇದು ನನ್ನ ಕೆಲಸ ಅಲ್ಲ. ಅವ್ವನ್ನ ಕರಕೊಂಡು ಬಾ. ನಾ ಕರದ್ರ ಬರಂಗಿಲ್ಲ ಆಕಿ, ನೀನ ಹೋಗಬೇಕು."

ಆ ಭಾನುವಾರ ಜಾಂಬೋಟಿಯ ಬಸ್ಸು ಹತ್ತಿದೆ. ಮಳೆ ನಿಂತು ಹೊಲಗಳು ಒಣಗುತ್ತಿದ್ದವು, ಕಾಡಿನ ಅಂಚಿನ ತನಕ ಕೊಯ್ದ ಭತ್ತದ ಕೂಳೆ. ಅತ್ತೆಯ ತವರಿನ ಅಂಗಳದಲ್ಲಿ ಕಾಲಿಟ್ಟಾಗ ಅವರ ಅಣ್ಣನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಸೊಸಿ ತವರಮನಿಗೆ ಹೋದ್ರ ಅತ್ತಿ ಕರಿಯಾಕ ಬರೂದು ಕಂಡೇವಿ. ಅತ್ತಿ ತವರಮನಿಗೆ ಬಂದ್ರ ಸೊಸಿ ಕರಿಯಾಕ ಬಂದದ್ದು ಇವತ್ತ ಕಂಡ್ವಿ ನೋಡು!" ಅಣ್ಣನವರು ಗೌರವದಿಂದ "ಬರ್ರಿ, ಕುಂದರ್ರಿ" ಅಂದು ನೀರು ಬೆಲ್ಲ ಕೊಡಿಸಿದರು. ಅವರಿಗೂ ನಗು ತಡೆಯಲಾಗುತ್ತಿರಲಿಲ್ಲ.

ಅತ್ತೆ ಮನೆಯ ಹಿಂದೆ, ಭತ್ತ ಒಕ್ಕುವ ಅಂಗಳದಲ್ಲಿದ್ದರು. ಎತ್ತರಕ್ಕೆ ಮೊರ ಹಿಡಿದು ಭತ್ತ ತೂರುತ್ತಿದ್ದರು. ನನ್ನನ್ನು ನೋಡಿದರು, ತೂರುವುದು ನಿಲ್ಲಿಸಲಿಲ್ಲ. ನಾನೂ ಒಂದು ಮೊರ ತೆಗೆದುಕೊಂಡು ಬದಿಗೆ ನಿಂತೆ. ಗಾಳಿ ಎತ್ತ ಎಂದು ನೋಡಿರಲಿಲ್ಲ, ಹೊಟ್ಟೆಲ್ಲ ನನ್ನ ತಲೆಯ ಮೇಲೆ ಬಂತು.

"ಇತ್ತ ಬಾ ಈಕಡೆ. ಗಾಳಿಗೆ ಬೆನ್ನು ಕೊಟ್ಟು ನಿಂದ್ರು" ಅಂದರು. ಹಾಗೆ ಮಾತು ಶುರುವಾಯಿತು.

ರಾಶಿಯ ಬದಿಗೆ ಕುಳಿತೆವು. ನನ್ನ ಕೂದಲಿನಿಂದ ಹೊಟ್ಟು ಆರಿಸುತ್ತ ಅತ್ತೆ ಮೆಲ್ಲಗೆ ಹೇಳಿದರು, "ನಾ ಬರೀ ಗಂಟಿ ಸಪ್ಪಳ ನಿಲ್ಲಲಿ ಅಂತ ಬಂದು ಕುಂತಾಕಿ. ನಿನ್ನ ಅಷ್ಟು ದಿನದ ಕೆಲಸ ಹಾಳ ಮಾಡಿದ್ನಲ್ಲ ತಂಗಿ."

"ಹಾಳಾಗಿಲ್ರಿ. ಅದನ್ನ ಹೇಳಾಕ ಬಂದೇನಿ."

ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಆ ವಾರ ಒಂಟಿಯಾಗಿ ಕುಳಿತು ಯೋಚಿಸಿದಾಗ ನನಗೆ ಹೊಳೆದದ್ದು. ಮೊದಲನೆಯ ದಾರಿಯಲ್ಲಿ, ಎರಡನೆಯದರಲ್ಲಿ, ಅಂಥದೇ ತಪ್ಪನ್ನು ಬೇಕೆಂದೇ ಮಾಡಿ, ದೊಡ್ಡ ದೊಡ್ಡ ಹೆಜ್ಜೆಗಳಲ್ಲಿ ಬೇಗ ನಡೆಸಿ ನೋಡಿದ್ದೆ. ಏಳನ್ನು ಎಂಟು ಮಾಡಿದರೂ ಬೀಳುವ ಕಣ ಬಿದ್ದೇ ಬಿತ್ತು, ಹೋಗುವ ಕಣ ಹೋಗಿಯೇ ಹೋಯಿತು. ಕೊನೆಯ ಅಂಕಿಗಳು ಬೇರೆಯಾದವು, ಅಷ್ಟೆ. ಮೂರನೆಯದು ಮಾತ್ರ ಅಷ್ಟು ಸಣ್ಣದಕ್ಕೆ ದಾರಿಯನ್ನೇ ಬದಲಿಸಿತ್ತು. ಅಂದರೆ ಅದು ನಿಂತಿದ್ದು ಸರಿಯಾಗಿ ಅಂಚಿನ ಮೇಲೆ. ನಾನು ಹುಡುಕುತ್ತಿದ್ದ ಜಾಗವೇ ಅದು. ಪುಣೆಯ ಸರಿಯಾದ ಹಾಳೆ ಒಂದು ಕಡೆ, ನಮ್ಮ ತಪ್ಪು ಹಾಳೆ ಇನ್ನೊಂದು ಕಡೆ, ಎರಡರ ನಡುವೆ ಅಂಚು ಸಿಕ್ಕಿಬಿದ್ದಿತ್ತು.

ಹುಲ್ಲುಕಡ್ಡಿಯಿಂದ ನೆಲದ ಮೇಲೆ ಬರೆದು ತೋರಿಸಿದೆ. ಅತ್ತೆ ಗಮನವಿಟ್ಟು ಕೇಳಿದರು.

"ಅಂದ್ರ ಒಂದು ಅಂಕಿಗೆ ಉಳದ್ಲು ಆಕಿ?"

"ಸುಳ್ಳ ಅಂಕಿಗೆ ಉಳದ್ಲರಿ. ಖರೇ ಅಂಕಿ ಹಾಕಿದ್ರ ಬೀಳತಾಳ."

ಅತ್ತೆ ಉರುಳಿಬಂದ ಭತ್ತವನ್ನು ಅಂಗೈಯಿಂದ ರಾಶಿಗೆ ಸರಿಸಿದರು. "ಸುಳ್ಳರೇ ಆಗಲಿ," ಅಂದರು, "ಅಷ್ಟು ದಿನ ಉಳದಿದ್ಲಲ್ಲ, ಆಕಿ ಪುಣ್ಯೇ."

ಊಟ ಮಾಡಿಸಿದರು. ಹೊಸ ಅಕ್ಕಿಯ ಅನ್ನ, ಹುರುಳಿಯ ಕಟ್ಟು. ನಾನು ಏಳುವಾಗ ಅತ್ತೆಯೂ ಚೀಲ ಹಿಡಿದು ನಿಂತಿದ್ದರು. ಅವರ ಅತ್ತಿಗೆ "ಸುಗ್ಗಿ ಮುಗೀತೇನು?" ಅಂತ ಕಾಡಿಸಿದಾಗ, "ನಿಮ್ಮದು ಮುಗೀತು, ನಮ್ಮದು ಬಾಕಿ ಐತಿ" ಅಂದು ಬಸ್ಸಿನ ಕಡೆ ಹೊರಟೇಬಿಟ್ಟರು.

ಬಸ್ಸಿನಲ್ಲಿ ಒಂದು ಉಪಾಯ ಹುಡುಕಿದೆವು. ಅವರು ಓದಿದ್ದನ್ನು ನಾನು ತಿರುಗಿ ಹೇಳುವುದು, ಆದರೆ ಕನ್ನಡದಲ್ಲಿ. ಸಾತ್ ಮತ್ತು ಆಠ್ ಒಂದೇ ಥರ ಕೇಳಬಹುದು, ಏಳು ಮತ್ತು ಎಂಟು ಹಾಗೆ ಕೇಳುವುದಿಲ್ಲ. ಅಂದಿನಿಂದ ನಮ್ಮ ಪಡಸಾಲೆಯಲ್ಲಿ ಸಂಜೆಯ ಹೊತ್ತು ಭಜನೆಯಂತೆ ನಡೆಯುತ್ತಿತ್ತು. "ಸಾತ್." "ಏಳು." "ಸಹಾ." "ಆರು." "ಟಿಂಬ." "ಟಿಂಬ." ಮೇಲಿಂದ ಮೇಲೆ ಅತ್ತೆ ಹಿಡಿಕೆಯ ಮೇಲೆ ಕೈಯಿಟ್ಟು ತಡೆಯುತ್ತಿದ್ದರು. "ನಿಂದ್ರು, ನೀ ಹೇಳಲಿಲ್ಲ." ನಾನು ಹೇಳಿದ ಮೇಲೆಯೇ ಕೈ ತೆಗೆಯುತ್ತಿದ್ದರು.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಮೂರನೆಯ ಕಣ ಬಿತ್ತು. ಪುಣೆಯ ಕಾಗದದಲ್ಲಿದ್ದಂತೆಯೇ, ಎರಡು ಸುತ್ತು ಹಾಕಿ. ಅಂಕಿಗಳು ಬೇಕಾದಷ್ಟು ದೂರದ ತನಕ ಕೂಡಿದವು. ನನಗೆ ಕುಣಿಯುವಷ್ಟು ಖುಷಿ, ಎದುರಿಗೆ ಅತ್ತೆ ಕನ್ನಡಕ ತೆಗೆದು ಒರೆಸುತ್ತಿದ್ದರು. "ಕೂಡಿತಲ್ಲ, ಛಲೋ ಆತು" ಅಂದರು. ಆ ಸಂಜೆ ನಾನು ಹೆಚ್ಚು ಕುಣಿಯಲಿಲ್ಲ.

ಗುರುಗಳು ಎಂದೂ ಖಾನಾಪುರಕ್ಕೆ ಬಂದವರಲ್ಲ. ಲೆಕ್ಕ ಕೂಡಿದ ಸುದ್ದಿ ಕೇಳಿ, "ನಿನ್ನ ಜೋಡೀದಾರರನ್ನ ನೋಡಬೇಕವಾ" ಅಂದು ಒಂದು ಭಾನುವಾರ ರೈಲಿನಲ್ಲಿ ಬಂದರು. ಇಸ್ತ್ರಿ ಮಾಡಿದ ಧೋತರ, ಕೈಯಲ್ಲಿ ಹಣ್ಣಿನ ಚೀಲ. ಅತ್ತೆ ಸೆರಗು ಸರಿಮಾಡಿಕೊಂಡು ಬಾಗಿಲ ಹಿಂದೆ ನಿಂತರು. ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಗುರುಗಳು ಎರಡನೆಯ ರೊಟ್ಟಿಗೆ ಬೇಡ ಅನ್ನಲಿಲ್ಲ, ಮೂರನೆಯದಕ್ಕೂ ಅನ್ನಲಿಲ್ಲ. ಕೈ ತೊಳೆದು ಬಂದು ಯಂತ್ರದ ಎದುರು ಕುಳಿತು ಹಿಡಿಕೆ ತಿರುವಿ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ, ಮುಖ ಗಂಭೀರವಾಗಿ ಇಟ್ಟುಕೊಂಡೇ ಹೇಳಿದರು:

"ಅಕ್ಕಾರ, ನಮ್ಮ ಪುಣೆದ ಮಷೀನೂ ಎಷ್ಟೋ ಸಲ ತಪ್ಪತೈತ್ರಿ. ಆದ್ರ ತಪ್ಪಿತು ಅಂತ ಅದು ಊರ ಬಿಟ್ಟು ಹೋಗಂಗಿಲ್ಲ."

ಒಳಗಿನಿಂದ ಅತ್ತೆಯ ಉತ್ತರ ತಡವಾಗಲಿಲ್ಲ. "ಎಲ್ಲಿಗೆ ಹೋದೀತ್ರಿ ಪಾಪ, ಅದಕ್ಕ ತವರಮನಿ ಇಲ್ಲಲ್ಲ."

ಗುರುಗಳು ನಕ್ಕದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಕೆಮ್ಮು ಬರುವ ತನಕ ನಕ್ಕರು. ನನ್ನ ಗಂಡ ನೀರು ತಂದುಕೊಟ್ಟರು. ಅತ್ತೆ ಬಾಗಿಲಿನಿಂದ ಈಚೆ ಬಂದು ಕುಳಿತು, ಕರಿ ಸುಳಿಯೊಳಗೆ ಬಿದ್ದವಳಿಗೆ ಮುಂದೆ ಏನಾಗುತ್ತದೆ ಎಂದು ಕೇಳಿದರು. ನನ್ನನ್ನು ಎಷ್ಟೋ ಸಲ ಕೇಳಿದ್ದರು, ನನ್ನ ಉತ್ತರ ಅವರಿಗೆ ಸಾಕಾಗಿರಲಿಲ್ಲ. ಗುರುಗಳು ಯೋಚಿಸಿ ಹೇಳಿದರು, "ನಡುವಿನ ತನಕ ಹೋದ್ರ ನಮ್ಮ ಸಮೀಕರಣನ ಮುರದ ಬೀಳತಾವ್ರಿ. ಅಲ್ಲಿಂದ ಮುಂದ ನನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ." ಅತ್ತೆ ತಲೆಯಾಡಿಸಿದರು. ಇದೇ ಮಾತನ್ನು ನಾನೂ ಹೇಳಿದ್ದೆ. ಹಿರಿಯರ ಬಾಯಿಂದ ಬಂದಾಗ ನಂಬಿದರು.

ಉಳಿದ ದಾರಿಗಳನ್ನೆಲ್ಲ ಕಂಪ್ಯೂಟರು ಮಾಡಿಕೊಟ್ಟಿತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಪ್ರಬಂಧ ಮುಗಿದು ಪದವಿ ಬಂತು. ಪ್ರಬಂಧದಲ್ಲಿ ಅಂಚಿನ ಬಗೆಗಿನ ಅಧ್ಯಾಯಕ್ಕೆ ಆ ತಪ್ಪು ಹಾಳೆಗಳೇ ಆಧಾರ. ಮೊದಲ ಪುಟದಲ್ಲಿ ಅತ್ತೆಗೆ ಕೃತಜ್ಞತೆ ಬರೆದಿದ್ದೆ. ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ "ಮನಿ ಮಂದಿಗೆ ಯಾರರೇ ಆಭಾರ ಮನ್ನಸತಾರೇನು?" ಅಂತ ಬೈದರು. ಬೈದು, ಆ ಪುಸ್ತಕವನ್ನು ತಮ್ಮ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗಿಟ್ಟರು. ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದರು.

ಕೆಲಸ ಮುಗಿದ ಮೇಲೆ ಸಂಜೆಗಳು ಬಿಕೋ ಅನ್ನತೊಡಗಿದವು. ನಾನು ರೈಲಿನಿಂದ ಬಂದು 'ಉತ್ತರಪತ್ರಿಕೆ ತಿದ್ದಬೇಕು' ಅನ್ನುತ್ತಿದ್ದೆ, ತಿದ್ದುತ್ತಿರಲಿಲ್ಲ. ಅತ್ತೆ ಯಂತ್ರದ ಮೇಲಿನ ಬಟ್ಟೆ ತೆಗೆದು ಧೂಳು ಒರೆಸಿ ಮತ್ತೆ ಹೊದಿಸುತ್ತಿದ್ದರು. ಒಂದು ದಿನ ಅವರೇ ಕೇಳಿದರು, "ಮುಂದಿಂದು ಏನೂ ಇಲ್ಲೇನು?"

ಒಂದಿತ್ತು. ಎರಡು ಕಪ್ಪುರಂಧ್ರಗಳು ಒಂದನ್ನೊಂದು ಸುತ್ತುತ್ತ, ಮೆಲ್ಲಮೆಲ್ಲಗೆ ಹತ್ತಿರ ಬಂದು, ಕೊನೆಗೆ ಕೂಡಿ ಒಂದಾಗುವ ಲೆಕ್ಕ. ಆಗ ಜಗತ್ತಿನ ಯಾವ ಕಂಪ್ಯೂಟರಿಗೂ ಅದು ಪೂರ್ತಿ ಬಗೆಹರಿದಿರಲಿಲ್ಲ. ಕೈಯಂತ್ರದಲ್ಲಿ ಮಾಡುವುದು ಹುಚ್ಚುತನ. ನಾನು ಅದನ್ನು ಬಹಳ ಸರಳ ಮಾಡಿ, ಅವೆರಡೂ ಇನ್ನೂ ದೂರದಲ್ಲಿರುವಾಗಿನ ಭಾಗವನ್ನು ಮಾತ್ರ ಹಾಳೆಗಿಳಿಸಿದೆ. ಯಾವ ಪದವಿಗೂ ಅಲ್ಲ, ಯಾವ ಪತ್ರಿಕೆಗೂ ಅಲ್ಲ. ಆ ಚಳಿಗಾಲವೆಲ್ಲ ಕುಳಿತೆವು. ನಾನು ಆಗ ಬಸುರಿ. ಅತ್ತೆ ನನ್ನ ಬೆನ್ನಿಗೆ ದಿಂಬು ಕೊಟ್ಟು, ತಾವು ಶಾಲು ಹೊದ್ದು ಓದುತ್ತಿದ್ದರು. ಹಿಡಿಕೆ ಬಿಗಿಯಾದಾಗ ಗಂಡ ಹೊಲಿಗೆಯಂತ್ರದ ಎಣ್ಣೆ ಬಿಡುತ್ತಿದ್ದರು.

"ಇವೆರಡೂ ಯಾವಾಗ ಕೂಡತಾವು?" ಅಂದರು ಒಂದು ಸಂಜೆ, ಹಾಳೆಯಿಂದ ತಲೆಯೆತ್ತಿ.

ನಾನು ಮನಸ್ಸಿನಲ್ಲೇ ಅಂದಾಜು ಹಾಕಿದೆ. "ನಾವು ನಡಿಯೂ ಚಾಲಿಗೆ, ಈ ಜನ್ಮದಾಗಂತೂ ಇಲ್ರಿ ಅತ್ತಿ."

"ಹಂಗಾರ ಅವಸರೇನಿಲ್ಲ" ಅಂದರು. ಹಾಳೆಯ ಮೇಲೆ ಕನ್ನಡಕವಿಟ್ಟು ಎದ್ದು, ಒಲೆಗೆ ಚಹಾ ಇಡಲು ಹೋದರು. ನಾನು ಮೇಜಿನ ಮೇಲೆ ತಲೆಯಿಟ್ಟು, ಅವರು ಬರುವ ತನಕ ಒಂದು ಸಣ್ಣ ನಿದ್ದೆ ತೆಗೆದೆ.